ಅದೇ ದಿನ ಹಾರಿದ ಇನ್ನೊಂದು ಪೆಟ್ಟಿಗೆ

ಕೋಟನೂರ, ಕಲಬುರಗಿ
೧೮ ಆಗಸ್ಟ್ ೨೦೨೪, ಭಾನುವಾರ

ಪ್ರೀತಿಯ ತಂಗಿ ಸಂಘಮಿತ್ರಾಳಿಗೆ,

ನಿನ್ನ ಅಕ್ಕ ಯಶೋಧರಾ ಮಾಡುವ ಜೈ ಭೀಮ್. ಇಲ್ಲಿ ನಾವೆಲ್ಲ ಆರಾಮ. ನೀನು, ಕೂಸು, ಜೈಭೀಮ ಅವರು ಹೇಗಿದ್ದೀರಿ? ನಿಮ್ಮ ಮನೆಯವರ ಹೆಸರು ಬರೆಯುವಾಗಲೆಲ್ಲ ನನಗೆ ನಗು ಬರುತ್ತದೆ. ‘ನಮ್ಮ ಮನೀ ಅಳಿಯನ್ನ ಕರದ್ರ ನಮಸ್ಕಾರ ಮಾಡ್ದಂಗ ಆಗ್ತದ’ ಎಂದು ನಿನ್ನ ಮದುವೆಯ ಪಂಕ್ತಿಯಲ್ಲಿ ನಿನ್ನ ಅಣ್ಣ ಸುಧಾ ಎಲ್ಲರನ್ನೂ ನಗಿಸಿದ್ದು ನೆನಪಿದೆಯಲ್ಲ.

ಕೂಸಿನ ಫೋಟೊ ನೋಡಿದೆ. ಆಗಲೇ ಕತ್ತು ನಿಲ್ಲಿಸಿದ್ದಾನೆ. ಹುಬ್ಬು ನಿಮ್ಮ ಮನೆಯವರದು, ಹಣೆ ಮಾತ್ರ ನಮ್ಮಪ್ಪನದು. ಶಿಲ್ಲಾಂಗಿನ ಚಳಿಗೆ ಕಿವಿ ಮುಚ್ಚುವ ಹಾಗೆ ಎರಡು ಕುಂಚಿಗೆ ಹೊಲಿಸಿಟ್ಟಿದ್ದೇನೆ, ಬೇರೆ ಪಾರ್ಸೆಲಿನಲ್ಲಿ ಬರುತ್ತವೆ.

ಪತ್ರ ತಡವಾಯಿತು, ಸಿಟ್ಟಾಗಬೇಡ. ಒಂದೆರಡು ವಾರದ ತಡವಲ್ಲ ಇದು, ಏಪ್ರಿಲಿನಲ್ಲೇ ಬರೆಯಬೇಕಾಗಿದ್ದ ಪತ್ರ. ಶಾಲೆಯಲ್ಲಿ ಪರೀಕ್ಷೆ, ಆಮೇಲೆ ಚುನಾವಣೆಯ ಡ್ಯೂಟಿ, ಆಮೇಲೆ ಮಕ್ಕಳ ದಾಖಲಾತಿ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಹೋದ ವಾರ ಫೋನಿನಲ್ಲಿ ನೀನು, ಅಣ್ಣನ ಮಣ್ಣಿನ ಜಾಗದ ಒಂದು ಫೋಟೊ ಕಳಿಸು ಅಂತ ಎಷ್ಟು ಸಲ ಕೇಳಲಿ ಅಂದೆ. ಮಳೆ ಹಿಡಿದಿದೆ, ಹೊಲದೊಳಗೆ ಕಾಲಿಡಲು ಬರುವುದಿಲ್ಲ ಎಂದು ನಾನು ಹೇಳಿದೆ. ಮಳೆ ಇರುವುದೇನೋ ನಿಜ. ಆದರೆ ಕಳಿಸುವುದಕ್ಕೆ ಅಂಥ ಫೋಟೊ ಇಲ್ಲ ಸಂಘಿ. ಯಾಕೆ ಇಲ್ಲ ಎಂದು ಹೇಳುವುದಕ್ಕೆ ಈ ಪತ್ರ.

ಆಗ ಕೂಸು ಇನ್ನೂ ಹೊಟ್ಟೆಯಲ್ಲಿತ್ತು, ನೀನು ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ್ದರು. ಆ ಸ್ಥಿತಿಯಲ್ಲಿ ವಿಮಾನ ಹತ್ತಿಸಿಕೊಳ್ಳುವುದಿಲ್ಲವೆಂದೂ ಹೇಳಿದ್ದರು. ಜೈಭೀಮ ನನಗೆ ಫೋನ್ ಮಾಡಿ, ಆಕೆಗೆ ಈಗ ಏನೂ ಹೇಳಬೇಡಿ, ಎಲ್ಲ ಸುಸೂತ್ರ ಮುಗಿಯಿತು ಅಂತಷ್ಟೇ ಹೇಳಿ ಎಂದು ಬೇಡಿಕೊಂಡರು. ನಾನು ಅಷ್ಟನ್ನೇ ಹೇಳಿದೆ. ಅವರಿಗೂ ಅರ್ಧ ಮಾತ್ರ ಗೊತ್ತು, ಅವರ ಮೇಲೆ ಹಾಯಬೇಡ. ಇದನ್ನು ಫೋನಿನಲ್ಲಿ ಹೇಳಲು ನನ್ನಿಂದಾಗದು. ನಡುವೆ ನೀನು ಅತ್ತರೆ ನಾನು ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ. ಕೂಸು ಮಲಗಿದಾಗ, ಅವರು ಮನೆಯಲ್ಲಿದ್ದಾಗ ಓದು.

ಫೆಬ್ರವರಿಯ ಕೊನೆಗೆ ಜೆಡ್ಡಾದಿಂದ ಸಿಕಂದರ್ ಫೋನ್ ಮಾಡಿದ್ದು ನಿನಗೆ ಗೊತ್ತು. ಕೋಟೆಯ ಹಿಂದಿನ ಓಣಿಯ ಅದೇ ಸಿಕಂದರ್. ನಂದೂರಿನ ಬೇಳೆ ಮಿಲ್ಲಿನಲ್ಲಿ ಸುಧಾನ ಜೊತೆ ಫಿಟ್ಟರ್ ಆಗಿದ್ದವನು, ಜೊತೆಗೇ ಪಾಸ್‌ಪೋರ್ಟ್ ಮಾಡಿಸಿ ಜೊತೆಗೇ ಹೋದವನು. ಕೆಲಸ ಮುಗಿಸಿ ಬಂದು ಮಲಗಿದ ಸುಧಾ ಬೆಳಿಗ್ಗೆ ಏಳಲಿಲ್ಲ. ಎದೆ ನಿಂತಿತ್ತು ಎಂದರು. ಅವನನ್ನು ಆಸ್ಪತ್ರೆಗೆ ಒಯ್ದವನೂ ಸಿಕಂದರನೇ, ಶವಾಗಾರದಲ್ಲಿ ಇವನೇ ನನ್ನ ದೋಸ್ತ ಎಂದು ಗುರುತು ಹೇಳಿದವನೂ ಅವನೇ. ಆಮೇಲೆ ಪೊಲೀಸರ ಕಾಗದ, ಕಂಪನಿಯ ಕಾಗದ, ರಾಯಭಾರ ಕಚೇರಿಯ ಕಾಗದ ಎಂದು ಒಂದೂವರೆ ತಿಂಗಳು ಹೋಯಿತು.

ಆ ಒಂದೂವರೆ ತಿಂಗಳು ನಾನು ಮೊಬೈಲಿನಲ್ಲಿ ಒಂದನ್ನೇ ಮತ್ತೆ ಮತ್ತೆ ನೋಡುತ್ತಿದ್ದೆ. ಜೆಡ್ಡಾದಿಂದ ಹೈದರಾಬಾದಿಗೆ ಎಷ್ಟು ದೂರ, ಎಷ್ಟು ಹೊತ್ತು? ನಾಲ್ಕು ಸಾವಿರದ ನೂರು ಕಿಲೋಮೀಟರಿನ ಆಜುಬಾಜು, ಐದು ತಾಸಿನ ಹಾರಾಟ ಎಂದು ಬರುತ್ತಿತ್ತು. ನಡುವೆ ಒಂದು ಬಾಗಿದ ಗೀಟು. ನಾಳೆ ಕೇಳಿದರೆ ಕಡಿಮೆ ತೋರಿಸೀತು ಎನ್ನುವ ಹಾಗೆ ದಿನಾ ಕೇಳುತ್ತಿದ್ದೆ. ಹೋಗುವ ಮುಂಚೆ ಸುಧಾ ಅವ್ವನಿಗೆ ಸಮಾಧಾನ ಹೇಳಿದ್ದೂ ಇದೇ ಲೆಕ್ಕದಲ್ಲಿ. ಬೀದರದಿಂದ ಬಳ್ಳಾರಿಗೆ ಬಸ್ಸಿನಲ್ಲಿ ಹೋದರೆ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ನೀನು ಒಲೆ ಹೊತ್ತಿಸುವಾಗ ಅಲ್ಲಿಂದ ಹೊರಟರೆ ಊಟದ ಹೊತ್ತಿಗೆ ಇಲ್ಲಿರುತ್ತೇನೆ ಅಂದಿದ್ದ.

ಒಂದು ದಿನ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ವಾಟ್ಸಾಪಿನಲ್ಲಿ ಸುಧಾನ ಹೆಸರಿನ ಕೆಳಗೆ ‘ಆನ್‌ಲೈನ್’ ಎಂದು ಬಂತು. ‘ಸುಧಾ?’ ಎಂದು ಬರೆದೆ. ಎರಡು ಗೀಟು ನೀಲಿಯಾದವು. ಆ ಕಡೆ ಯಾರೋ ಬರೆಯುತ್ತಿರುವುದು ಕಾಣಿಸಿತು, ನಿಂತಿತು, ಮತ್ತೆ ಕಾಣಿಸಿತು. ಆಮೇಲೆ ‘ದೀದಿ, ನಾನು ಸಿಕಂದರ್’ ಎಂದು ಬಂತು. ಯಾವುದೋ ನಂಬರ್ ಹುಡುಕಲು ಅವನು ಸುಧಾನ ಫೋನಿಗೆ ಚಾರ್ಜ್ ಹಾಕಿದ್ದನಂತೆ. ಆ ಎರಡು ನಿಮಿಷದಲ್ಲಿ ನಾನು ಏನೇನು ನಂಬಿದ್ದೆ ಎಂದು ಯಾರಿಗೂ ಹೇಳಿಲ್ಲ.

ಏಪ್ರಿಲಿನಲ್ಲಿ ಕೊನೆಗೂ ವಿಮಾನದ ದಿನ ಗೊತ್ತಾಯಿತು. ನಾನು, ನಿನ್ನ ಭಾವ ವಿಶ್ವಾಸ ಇಬ್ಬರೂ ಹೈದರಾಬಾದಿಗೆ ಹೋದೆವು. ಮನುಷ್ಯರು ಇಳಿಯುವ ಕಡೆಯಲ್ಲ ಅದು, ಹಿಂದುಗಡೆ ಸಾಮಾನು ಇಳಿಸುವ ಶೆಡ್ಡು. ನಮ್ಮ ಹಿಂದೆ ಮುಂದೆ ನಿಂತವರೆಲ್ಲ ಯಂತ್ರದ ಬಿಡಿಭಾಗ, ಔಷಧದ ಪೆಟ್ಟಿಗೆ ಬಿಡಿಸಿಕೊಳ್ಳಲು ಬಂದವರು. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಸುಧಾಕರ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು, ಅಪ್ಪನ ಹೆಸರೂ ಪಾಸ್‌ಪೋರ್ಟ್ ನಂಬರೂ ಸರಿಯಾಗಿದ್ದವು. ಎಲ್ಲ ತಾಳೆ ನೋಡಿ ವಿಶ್ವಾಸ ಸಹಿ ಹಾಕಿದರು. ಆಂಬುಲೆನ್ಸಿನಲ್ಲಿ ಜಹೀರಾಬಾದ, ಹುಮನಾಬಾದ ದಾಟುವವರೆಗೂ ನಾನು ಆ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಮನಸ್ಸಿನಲ್ಲೇ ಅವನ ಜೊತೆ ಮಾತಾಡಿದೆ. ಚಿಕ್ಕವನಿದ್ದಾಗ ಬಾಳೆಯ ತೋಟದಲ್ಲಿ ಕಳೆದುಹೋಗಿದ್ದನಲ್ಲ, ನಾನೂ ಅವ್ವನೂ ಹುಡುಕಿದೆವಲ್ಲ, ಅದನ್ನೆಲ್ಲ ನೆನಪಿಸಿದೆ. ಯಾರಿಗೆ ಹೇಳಿದೆನೋ ಏನೋ.

ಹೈದರಾಬಾದಿನಿಂದ ಬಂದರೆ ಕಲಬುರಗಿಗಿಂತ ಮೊದಲು ಕಮಲಾಪುರವೇ ಸಿಗುತ್ತದಲ್ಲ, ನೇರ ಅಲ್ಲಿಗೇ ಒಯ್ದೆವು. ಅವ್ವ ಆ ಸುದ್ದಿ ಬಂದಾಗಿನಿಂದ ತುಕಾರಾಮ ಕಾಕಾನ ಮನೆಯಲ್ಲೇ ಇದ್ದಳು. ಕಾಕಾ ತನ್ನ ಹೊಲದ ಬದುವಿಗೆ, ಅಪ್ಪನ ಪಕ್ಕದಲ್ಲಿ ಕುಣಿ ತೋಡಿಸಿದ್ದ. ಅಂಗಳದ ತುಂಬ ಮಂದಿ. ಪಂಚಶೀಲ ಹೇಳಿಸಲು ಕಲಬುರಗಿಯಿಂದ ಹಿರಿಯರು ಬಂದಿದ್ದರು. ಬಿಸಿಲು ಎಷ್ಟಿತ್ತೆಂದರೆ ನಿಂತಲ್ಲಿ ಕಾಲು ಸುಡುತ್ತಿತ್ತು.

ಪೆಟ್ಟಿಗೆ ತೆರೆಯಬಾರದು, ಬಹಳ ದಿನವಾಗಿದೆ ಎಂದು ಆಂಬುಲೆನ್ಸಿನವನು ಹೇಳಿದ. ಕಾಕಾನೂ ಬೇಡ ಅಂದ. ಮುಖ ನೋಡದೆ ಮಣ್ಣು ಕೊಡುವುದಿಲ್ಲ ಎಂದು ಅವ್ವ ಹಟ ಹಿಡಿದಳು. ಹೆದ್ದಾರಿಯ ಗ್ಯಾರೇಜಿನಿಂದ ಒಬ್ಬನನ್ನು ಕರೆಸಿ, ಹಲಗೆ ಬಿಚ್ಚಿಸಿ, ಒಳಗಿನ ತಗಡು ಕೊಯ್ಯಿಸಿದರು. ಅವ್ವ ತಲೆಯ ಕಡೆ ಕೂತಳು. ಮುಖ ಊದಿತ್ತು, ಬಣ್ಣ ಕಪ್ಪಿಟ್ಟಿತ್ತು. ಎತ್ತರ, ಮೈಕಟ್ಟು, ಮೀಸೆ ಎಲ್ಲ ಸುಧಾನ ಹಾಗೇ. ‘ಬಂದೆಪಾ ನನ್ನ ಕೂಸೇ’ ಎಂದು ಅವ್ವ ಅವನ ಹಣೆಗೆ ಹಣೆ ಹಚ್ಚಿ ಅತ್ತಳು. ಆ ಅಳುವನ್ನು ಬರೆಯಲಾರೆ. ಬಾಯಿಗೆ ನೀರು ಬಿಟ್ಟಳು, ಸೆರಗಿನಿಂದ ಮುಖ ಒರೆಸಿದಳು. ಅವನ ಬಲ ಮುಂಗೈಗೆ ಒಂದು ಬಿಳಿ ದಾರ ಕಟ್ಟಿತ್ತು. ಅಲ್ಲಿ ಯಾರೋ ಪುಣ್ಯಾತ್ಮರು ಕಟ್ಟಿದ್ದಾರೆ ಎಂದು ಅವ್ವ ಅದನ್ನೂ ಸವರಿದಳು.

ನಾನು ಕಿವಿ ನೋಡಿದೆ. ಸುಧಾನ ಎಡಗಿವಿ ನಿನಗೆ ನೆನಪಿರಬೇಕು. ಸಣ್ಣವನಿದ್ದಾಗ ಕಿವಿಗೆ ಹಾಕಿದ್ದ ಮುರುವು ಟವೆಲಿಗೆ ಸಿಕ್ಕಿ ಹಾಲೆ ಹರಿದು ಎರಡಾಗಿತ್ತು. ಈ ಕಿವಿಗೆ ಚುಚ್ಚಿಸಿದ ಗುರುತೇ ಇರಲಿಲ್ಲ. ಬಲಗಿವಿ ನೋಡಿದೆ, ಅದಕ್ಕೂ ಇಲ್ಲ. ಮತ್ತೊಮ್ಮೆ ನೋಡಿದೆ. ಒಂದೂವರೆ ತಿಂಗಳು ಐಸಿನಲ್ಲಿದ್ದರೆ ಹರಿದ ಹಾಲೆ ಕೂಡಿಕೊಳ್ಳುತ್ತದೇನೋ ಎಂದು ಕೂಡ ಯೋಚಿಸಿದೆ, ಅಷ್ಟು ತಲೆ ಕೆಟ್ಟಿತ್ತು.

ಅವ್ವನ ಭುಜ ಹಿಡಿದು ಮೆಲ್ಲಗೆ ಹೇಳಿದೆ. ‘ಅವ್ವಾ, ಇವ ಸುಧಾ ಅಲ್ಲ.’

ಅವ್ವ ತಿರುಗಿ ನೋಡಲಿಲ್ಲ. ‘ಇವ ನನ್ನ ಮಗ. ಹಡದಾಕಿ ನಾ ಹೇಳಾಕತ್ತೀನಿ.’

ಕಿವಿ ನೋಡು ಎಂದೆ. ನೋಡುವುದಿಲ್ಲ ಅಂದಳು. ಸೆರಗಿನಿಂದ ಆ ಕಿವಿಯನ್ನು ಮುಚ್ಚಿದಳು.

ಕಾಕಾ ನನ್ನನ್ನು ಬಣವೆಯ ಕಡೆ ಕರೆದೊಯ್ದ. ಅವನೂ ನೋಡಿದ್ದ, ಅವನಿಗೂ ಗೊತ್ತಾಗಿತ್ತು. ‘ನಿಮ್ಮವ್ವ ಶೇವಂತಾ ವೈನಿನೇ ಒಪ್ಪ್ಯಾಳ, ಯಶೋಧರಾ. ಕುಣಿ ತೋಡ್ಯದ, ಮಂದಿ ಬಂದಾರ. ಯಾರ ಮಗಾ ಆದ್ರೇನು, ಮಣ್ಣ ಕೊಡೂಣು. ಈಗ ಪೊಲೀಸ್ರನ್ನ ಕರದ್ರ ಇದೂ ಹೋಗ್ತದ, ಅದೂ ಸಿಗಂಗಿಲ್ಲ. ನಿಮ್ಮವ್ವ ಉಳಿಯಂಗಿಲ್ಲ.’ ಕಾಕಾ ಕೆಟ್ಟವನಲ್ಲ ಸಂಘಿ.

ನಾನು ಅಂದೆ, ‘ಇವನ ಮನಿ ಮುಂದೂ ಹಿಂಗೇ ಮಂದಿ ಕೂತಿರ್ತಾರ ಕಾಕಾ. ಅಲ್ಲೂ ಒಬ್ಬಾಕಿ ದಾರಿ ನೋಡಾಕತ್ತಿರ್ತಾಳ.’

ನಾನು ಕಮಲಾಪುರ ಠಾಣೆಗೆ ಫೋನ್ ಮಾಡಿದೆ.

ಪಂಚನಾಮೆ ಆಯಿತು, ಫೋಟೊ ತೆಗೆದರು. ಕಲಬುರಗಿಯ ಆಸ್ಪತ್ರೆಯ ಶವಾಗಾರಕ್ಕೆ ಒಯ್ಯುವುದೆಂದಾಯಿತು. ಪೆಟ್ಟಿಗೆ ಎತ್ತುವಾಗ ಅವ್ವ ಆಂಬುಲೆನ್ಸಿನ ಬಾಗಿಲಿಗೆ ಅಡ್ಡ ಕೂತಳು. ನಾಲ್ಕು ಹೆಂಗಸರು ಎತ್ತಿ ಬದಿಗೆ ಕೂಡಿಸಿದರು. ಆಗ ಅವಳು ನನ್ನತ್ತ ನೋಡಿದಳು. ‘ಅಂಗಳದ ತನಕ ಬಂದಿದ್ದ. ಹೊಳ್ಳಿ ಕಳಿಸಿದಿ’ ಅಂದಳು. ಅವತ್ತು ಅವ್ವ ನನಗೆ ಆಡಿದ ಕೊನೆಯ ಮಾತು ಅದು. ಆಮೇಲೆ ನಾಲ್ಕು ತಿಂಗಳು ಮಾತೇ ಇಲ್ಲ. ಫೋನಿನಲ್ಲಿ ನೀನು ಅವ್ವ ಹೇಗಿದ್ದಾಳೆ ಎಂದಾಗಲೆಲ್ಲ ಆರಾಮ ಇದ್ದಾಳೆ ಎನ್ನುತ್ತಿದ್ದೆನಲ್ಲ, ಅದನ್ನು ನಾನು ಕಾಕಾನಿಂದ ಕೇಳಿ ಹೇಳುತ್ತಿದ್ದೆ.

ಸಿಕಂದರನಿಗೆ ಹೇಳಿದಾಗ ಅವನು ಫೋನಿನಲ್ಲೇ ಚೀರಿದ. ಗುರುತು ಹೇಳಿದ್ದು ಸುಳ್ಳಲ್ಲ ದೀದಿ, ಅದು ಸುಧಾನೇ, ಈ ಕೈಯಿಂದ ಅವನ ಕಣ್ಣು ಮುಚ್ಚಿದ್ದೇನೆ ಎಂದು ಆಣೆ ಹಾಕಿದ. ಕೆಲಸಕ್ಕೆ ರಜೆ ಹಾಕಿ ಕಚೇರಿ ಕಚೇರಿ ಅಲೆದ. ಕೊನೆಗೆ ತಿಳಿದದ್ದು ಇಷ್ಟು. ಅವತ್ತು ಒಂದೇ ಶವಾಗಾರದಿಂದ ಎರಡು ಪೆಟ್ಟಿಗೆ ಹೊರಟಿದ್ದವು. ಒಂದು ಹೈದರಾಬಾದಿಗೆ, ಒಂದು ಕೊಲಂಬೊಗೆ. ಹೆಸರು ಹಚ್ಚುವಾಗ ಅದಲು ಬದಲಾಗಿದೆ. ನಮ್ಮ ಅಂಗಳಕ್ಕೆ ಬಂದವನು ಶ್ರೀಲಂಕೆಯ ಕುರುಣೇಗಲ ಕಡೆಯ ಹಳ್ಳಿಯವನು, ಟ್ರಕ್ ಡ್ರೈವರ್. ಹೆಸರು ಗಾಮಿಣಿ. ಅಲ್ಲಿ ಗಂಡಸರಿಗೆ ಇಡುವ ಹೆಸರಂತೆ.

ಅವತ್ತು ನಾನು ಮತ್ತೆ ಮೊಬೈಲಿನಲ್ಲಿ ಕೇಳಿದೆ. ಜೆಡ್ಡಾದಿಂದ ಕೊಲಂಬೊಗೆ ನಾಲ್ಕು ಸಾವಿರದ ಆರುನೂರು ಕಿಲೋಮೀಟರಿನ ಮೇಲೆ, ಆರು ತಾಸಿಗೆ ಹತ್ತಿರ. ವಿಮಾನಗಳು ಹೊರಟ ಹೊತ್ತನ್ನೂ ಸಿಕಂದರನಿಂದ ತಿಳಿದುಕೊಂಡೆ. ಸಂಘಿ, ನಾವು ಹೈದರಾಬಾದಿನ ಶೆಡ್ಡಿನಲ್ಲಿ ಆ ಪೆಟ್ಟಿಗೆಯನ್ನು ತಬ್ಬಿಕೊಂಡು ನಿಂತ ಹೊತ್ತಿಗೆ ಸುಧಾ ಇನ್ನೂ ಆಕಾಶದಲ್ಲಿದ್ದ. ನಮಗಿಂತ ದಕ್ಷಿಣಕ್ಕೆ, ಸಮುದ್ರದ ಮೇಲೆ, ಬೇರೆಯವನ ಹೆಸರು ಹೊತ್ತು ದಾಟಿ ಹೋಗುತ್ತಿದ್ದ.

ಆ ಕಡೆಯವರು ಪೆಟ್ಟಿಗೆ ತೆರೆದಿರಲಿಲ್ಲ. ತೆರೆಯಬೇಡಿ ಎಂದವರ ಮಾತು ಕೇಳಿದ್ದರು. ಬಂದ ದಿನವೇ ದಹನ ಮಾಡಿಬಿಟ್ಟಿದ್ದರು.

ಮೇ ತಿಂಗಳಲ್ಲಿ ಗಾಮಿಣಿಯ ಹೆಂಡತಿ ಕುಸುಮಾವತಿ ನನಗೆ ಫೋನ್ ಮಾಡಿದಳು. ಅವರೂರ ಶಾಲೆಯ ಇಂಗ್ಲಿಷ್ ಶಿಕ್ಷಕಿ ಪಕ್ಕದಲ್ಲಿ ಕೂತು ಅವಳ ಮಾತನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ನನ್ನ ಇಂಗ್ಲಿಷ್ ನಿನಗೆ ಗೊತ್ತಲ್ಲ, ಆದರೂ ಅವತ್ತು ಎಲ್ಲ ತಿಳಿಯಿತು. ಮೊದಲು ಅವಳು ಕ್ಷಮೆ ಕೇಳಿದಳು. ನಿಮ್ಮ ತಮ್ಮನನ್ನು ನನ್ನ ಗಂಡನೆಂದು ಕಳಿಸಿಕೊಟ್ಟೆವು, ಏನೂ ಕಡಿಮೆ ಮಾಡಲಿಲ್ಲ ಅಂದಳು. ಭಿಕ್ಕುಗಳು ಬಂದು ಶರಣಗಮನ ಹೇಳಿದರಂತೆ, ಏಳನೆಯ ದಿನ ದಾನ ಕೊಟ್ಟರಂತೆ. ಏನು ಹೇಳಿದರು ಎಂದು ಕೇಳಿದೆ. ಆಕೆ ಹೇಳಿ ತೋರಿಸಿದಳು. ಬುದ್ಧಂ ಶರಣಂ ಗಚ್ಛಾಮಿ. ನಮ್ಮ ಮಾತೇ, ಸ್ವಲ್ಪ ಎಳೆದು ಹೇಳುತ್ತಾರೆ ಅಷ್ಟೇ. ನಾನೂ ಈ ಕಡೆಯಿಂದ ಮುಂದಿನ ಸಾಲು ಹೇಳಿದೆ. ಅವರಿಗೆ ಆಶ್ಚರ್ಯವಾಯಿತು. ಭಾರತದಲ್ಲಿ ಈಗಲೂ ಬೌದ್ಧರಿದ್ದಾರೆಯೇ ಎಂದು ಆ ಶಿಕ್ಷಕಿ ಕೇಳಿದಳು. ನಮ್ಮ ಅಜ್ಜನ ಕಾಲದಿಂದ ನಾವಿದ್ದೇವೆ ಅಂದೆ.

ಆಮೇಲೆ ಕುಸುಮಾವತಿ ತಡೆದು ತಡೆದು ಒಂದು ಮಾತು ಕೇಳಿದಳು. ನನ್ನ ಗಂಡ ನಿಮ್ಮ ಮನೆಗೆ ಬಂದಾಗ ಅವನಿಗೆ ಏನು ಮಾಡಿದಿರಿ? ನಾನು ಮುಚ್ಚಿಡಲಿಲ್ಲ. ನಮ್ಮವ್ವ ಅವನ ಬಾಯಿಗೆ ನೀರು ಬಿಟ್ಟಳು, ಮುಖ ಒರೆಸಿದಳು, ನನ್ನ ಮಗ ಎಂದು ಅತ್ತಳು, ಅವನನ್ನು ಬಿಟ್ಟುಕೊಡಲು ಒಪ್ಪಲಿಲ್ಲ ಎಂದೆ. ಆಮೇಲೆ ಶಿಕ್ಷಕಿ ಹೇಳಿದಳು, ಗಾಮಿಣಿಗೆ ತಾಯಿಯ ನೆನಪೇ ಇರಲಿಲ್ಲವಂತೆ, ಹೆತ್ತು ವಾರಕ್ಕೇ ಹೋಗಿದ್ದಳಂತೆ. ಕೈಯ ಬಿಳಿ ದಾರ ಊರ ಭಿಕ್ಕುಗಳು ಕಟ್ಟಿದ್ದು, ಕಾಪಾಡಲಿ ಎಂದು.

ಅವ್ವನ ಜೊತೆ ಮಾತಾಡಬೇಕೆಂದು ಕುಸುಮಾವತಿ ಬೇಡಿದಳು. ಕಾಕಾ ಫೋನ್ ಒಯ್ದು ಅವ್ವನ ಕಿವಿಗೆ ಹಿಡಿದ. ಅವ್ವ ಎದ್ದು ಒಳಗೆ ಹೋದಳು.

ಮೇ ಮುಗಿಯುವಾಗ, ನಿನಗೆ ಹೆರಿಗೆಯಾದ ವಾರವೇ, ಗಾಮಿಣಿಯನ್ನು ಚೆನ್ನೈ ಮೇಲೆ ಕೊಲಂಬೊಗೆ ಕಳಿಸಿದರು. ಶವಾಗಾರದಿಂದ ಹೊರಡುವಾಗ ನಾನು ಹೋಗಿದ್ದೆ. ಇಬ್ಬರು ಪೊಲೀಸರು, ನಾನು, ವಿಶ್ವಾಸ, ಅಷ್ಟೇ ಜನ. ಪೆಟ್ಟಿಗೆಗೆ ಮೊಳೆ ಹೊಡೆಯುವ ಮುಂಚೆ ತ್ರಿಶರಣ ಹೇಳಿದೆ. ನನ್ನ ತಮ್ಮನಿಗೆ ಹೇಳಬೇಕಾಗಿದ್ದನ್ನು ಅವನಿಗೆ ಹೇಳಿದೆ, ಅವನಿಗೆ ಹೇಳಬೇಕಾದ್ದನ್ನು ಅಲ್ಲಿ ನನ್ನ ತಮ್ಮನಿಗೆ ಹೇಳಿದ್ದರಲ್ಲ.

ಜೂನ್ ಎರಡನೆಯ ವಾರ ಸುಧಾ ಬಂದ. ಅದೇ ಶೆಡ್ಡು, ಅದೇ ಸರತಿ. ಈ ಸಲ ಕೈಯಲ್ಲಿ ಹಿಡಿಯುವಷ್ಟು ಪೆಟ್ಟಿಗೆ, ಒಳಗೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಮಡಕೆ. ಆಂಬುಲೆನ್ಸ್ ಬೇಕಾಗಲಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಕಮಲಾಪುರದಲ್ಲಿ ಇಳಿದು ಅವ್ವನ ಮುಂದೆ ಇಟ್ಟೆ. ‘ಯಾರದೋ ಬೂದಿ ತಂದು ಇಡಬ್ಯಾಡ ಅನ್ನು ಆಕಿಗಿ’ ಎಂದು ಕಾಕಾನಿಗೆ ಹೇಳಿದಳು, ನನಗಲ್ಲ. ತಿರುಗಿ ಕೋಟನೂರಿಗೆ ತಂದೆ. ಈಗ ನಮ್ಮ ಮನೆಯಲ್ಲಿ ಬಾಬಾಸಾಹೇಬರ ಫೋಟೊದ ಕೆಳಗಿನ ಕಟ್ಟೆಯ ಮೇಲಿದ್ದಾನೆ. ಆ ಕುಣಿ ಹಾಗೇ ಇದೆ. ಮುಚ್ಚಿಸಲು ಕಾಕಾ ಹೋದರೆ ಅವ್ವ ಬಿಡುವುದಿಲ್ಲ. ಮಳೆಗೆ ಅಂಚು ಕುಸಿದು ನೀರು ನಿಂತಿದೆ, ಆ ಬದುವಿನ ಮೇಲೆ ಆಳುಗಳು ಹೋಗಲು ಅಂಜುತ್ತಾರೆ. ಇದಕ್ಕೇ ನಿನಗೆ ಫೋಟೊ ಕಳಿಸಲಿಲ್ಲ.

ನನ್ನದೂ ಒಂದು ಹೇಳಿಬಿಡುತ್ತೇನೆ. ಸುಧಾನ ಮುಖ ನೆನೆದರೆ ನನಗೆ ಗಾಮಿಣಿಯ ಮುಖ ಬರುತ್ತದೆ. ಅವನು ಶಾಲೆಗೆ ಹೋಗುವಾಗಿನ ಮುಖ, ನಿನ್ನ ಮದುವೆಯಲ್ಲಿ ನಕ್ಕಾಗಿನ ಮುಖ, ಯಾವುದನ್ನು ಹುಡುಕಿದರೂ ಆ ಊದಿದ ಮುಖ ಬಂದು ಅದರ ಜಾಗದಲ್ಲಿ ಕೂಡುತ್ತದೆ. ಹೋದ ತಿಂಗಳು ಸೂಪರ್ ಮಾರ್ಕೆಟ್ ಹತ್ತಿರ ಆಟೊ ಹತ್ತುವಾಗ ಡ್ರೈವರ್ ತಿರುಗಿ ಎಲ್ಲಿಗ್ರೀ ಅಕ್ಕಾರ ಅಂದ. ಗಾಮಿಣಿಯೇ ಅನ್ನಿಸಿತು. ಹೆದರಿಕೆಯಾಗಲಿಲ್ಲ. ನಮ್ಮ ಸುಧಾ ನಿನ್ನೂರಿನಲ್ಲಿ ಹೇಗಿದ್ದಾನೆ ಎಂದು ಕೇಳಬೇಕೆನಿಸಿತು. ಬಾಯಿಯ ತನಕ ಬಂದ ಮಾತನ್ನು ನುಂಗಿ ಇಳಿದುಬಿಟ್ಟೆ, ಮನೆಯ ತನಕ ನಡೆದೇ ಬಂದೆ.

ಒಳ್ಳೆಯ ಸುದ್ದಿ ಕೊನೆಗೆ ಇಟ್ಟಿದ್ದೇನೆ. ಹೋದ ಭಾನುವಾರ ಅವ್ವ ತಾನಾಗಿಯೇ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ಸೆರಗಿನಲ್ಲಿ ನಾಲ್ಕು ಕೆಂಪು ಬಾಳೆಹಣ್ಣು ಕಟ್ಟಿಕೊಂಡು ಬಂದಿದ್ದಳು. ನಿನ್ನ ಕೂಸಿನ ಫೋಟೊ ತೋರಿಸು ಅಂದಳು. ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ಮಡಕೆಯ ಮುಂದೆಯೂ ಸ್ವಲ್ಪ ಹೊತ್ತು ಕೂತಳು, ಮುಟ್ಟಲಿಲ್ಲ. ಆಮೇಲೆ, ಸಂಘಿ ಕೂಸು ಕರಕೊಂಡು ಬಂದಾಗ ಇದನ್ನು ಕುಣಿಯಲ್ಲಿ ಇಡೋಣ ಅಂದಳು. ನಾಲ್ಕು ತಿಂಗಳ ಮೇಲೆ ನನ್ನ ಕೈಯ ಚಹಾ ಕುಡಿದಳು. ಅದಕ್ಕೇ ಬರೆಯುತ್ತಿದ್ದೇನೆ. ಗುವಾಹಾಟಿಯಿಂದ ಹೈದರಾಬಾದಿಗೆ ಸುಮಾರು ಮೂರು ತಾಸಂತೆ, ನೋಡಿದ್ದೇನೆ. ಚಳಿಗಾಲ ಶುರುವಾಗುವ ಮುಂಚೆ, ಡಾಕ್ಟರು ಹೂಂ ಅಂದ ಮೇಲೆ ಬಾ.

ಇನ್ನೊಂದು ಮಾತು. ಕೂಸಿಗೆ ಸುಧಾಕರ ಎಂದು ಹೆಸರಿಡುತ್ತೇನೆ ಎಂದಿದ್ದೀ. ಸ್ವಲ್ಪ ತಡೆ. ಮಣ್ಣಾಗುವ ತನಕ ಆ ಹೆಸರು ಅವನದೇ ಇರಲಿ. ಅವನ ಹೆಸರು ಒಂದು ಸಲ ಬೇರೆಯವನ ಮೇಲೆ ಬಂದದ್ದು ಸಾಕು.

ಕೂಸಿಗೆ ನೂರು ಮುತ್ತು. ಅವನು ಗಟ್ಟಿಯಾಗಿ ಬೆಳೆಯಲಿ, ಎಲ್ಲಿಗೆ ಹೋದರೂ ತನ್ನ ಕಾಲ ಮೇಲೆ ನಡೆದು ಮನೆಗೆ ಬರಲಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಸೊಂಟಕ್ಕೆ ಬಟ್ಟೆ ಬಿಗಿದು ಕಟ್ಟಿಕೋ. ಜೈಭೀಮ ಅವರಿಗೆ ನಮ್ಮಿಬ್ಬರ ಜೈ ಭೀಮ್ ತಿಳಿಸು.

ನಿನ್ನ ಅಕ್ಕ,
ಯಶೋಧರಾ

ತಾ.ಕ.: ಪತ್ರ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದು ಬರೆಯುತ್ತಿದ್ದೇನೆ. ಹೋದ ಭಾನುವಾರ ಸಂಜೆ ಅವ್ವನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋಗಿದ್ದೆ. ಹುಮನಾಬಾದ ಬಸ್ಸಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದೆವು. ಅವ್ವ ರಸ್ತೆ ನೋಡುತ್ತ ಹೇಳಿದಳು, ‘ಆ ಹುಡುಗ ನನ್ನ ಮಗ ಅಲ್ಲ ಅಂತ ತಗಡ ಸರಿಸಿದ ಕೂಡ್ಲೇ ನನಗ ಗೊತ್ತಾಗಿತ್ತು. ನಿನಕಿಂತ ಮೊದ್ಲ.’

ಹಾಗಾದರೆ ಯಾಕೆ ನನ್ನ ಮಗ ಅಂದೆ ಎಂದು ಕೇಳಿದೆ.

‘ಸಂದೂಕದಾಗ ಬ್ಯಾರೇದವ ಬಂದಾನ ಅಂದ್ರ, ಅಲ್ಲಿ ಸತ್ತವನೂ ಬ್ಯಾರೇದವನೇ ಇರಬೇಕು ಅಂದ್ಕೊಂಡೆ. ಇವಗ ಮಣ್ಣ ಕೊಟ್ಟಿದ್ರ ಯಾರೂ ಹುಡಕತಿದ್ದಿಲ್ಲ. ನನ್ನ ಮಗ ಎಲ್ಲೋ ಉಳೀತಿದ್ದ. ಬರಲಿಕ್ಕ ಹೊತ್ತಾಗ್ಯದ ಅಂತ ನಾ ಇರತಿದ್ದೆ. ನೀ ಹುಡಕಿಸಿದಿ.’

ಸಿಟ್ಟಿನಿಂದ ಹೇಳಲಿಲ್ಲ ಸಂಘಿ, ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಬಸ್ಸು ಬಂತು, ಹತ್ತಿಸಿದೆ. ಕಿಟಕಿಯಿಂದ ಕೈ ಚಾಚಿ ನನ್ನ ತಲೆ ಸವರಿದಳು. ನಾನು ಮಾಡಿದ್ದು ತಪ್ಪಲ್ಲವೆಂದು ನನಗೆ ಗೊತ್ತಿದೆ, ಈಗಲೂ ಅದನ್ನೇ ಮಾಡುತ್ತೇನೆ. ಆದರೆ ನೀನು ಬಂದಾಗ ಆ ಮಡಕೆಯನ್ನು ಅವ್ವನ ಕೈಗೆ ನೀನೇ ಕೊಡು. ನನ್ನ ಕೈಯಿಂದ ಆಗುವುದಿಲ್ಲ.